ಹಾಡ್ಯಾಡಿ ಅಳುವವರ ದನಿಯಲ್ಲಿ ರಾಕ್ ಹಾಡಿದಾಕೆ

ಡೊಲೋರೆಸ್ ಓರಿಯರ್ಡನ್ ಅಂತ ಹೆಸರು ಹೇಳಿದರೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ‘ಜಾಂಬಿ’ ಹಾಡಿದಾಕೆ ಅಂದರೆ ತಟ್ಟನೆ ಗೊತ್ತಾಗುತ್ತದೆ. ರಾಯಚೂರಿನ ಕಾಲೇಜು ಹುಡುಗರ ಮೊಬೈಲಿನಲ್ಲಿ, ಜಿಮ್ಮುಗಳಲ್ಲಿ, ರೀಲ್ಸುಗಳಲ್ಲಿ ಆ ಹಾಡು ಇವತ್ತಿಗೂ ಕೇಳುತ್ತದೆ. ಅದು ಯಾತರ ಹಾಡು ಅಂತ ಕೇಳಿದರೆ ಹೆಣಗಳು ಎದ್ದು ಓಡಾಡುವ ಸಿನಿಮಾ ನೆನೆಸಿಕೊಳ್ಳುವವರೇ ಜಾಸ್ತಿ. ನಿಜಕ್ಕೂ ಅದು ಇಬ್ಬರು ಹುಡುಗರ ಸಾವಿನ ಹಾಡು. ಒಬ್ಬನಿಗೆ 3 ವರ್ಷ, ಇನ್ನೊಬ್ಬನಿಗೆ 12.

ಆ ಹಾಡಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ದನಿಯ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನನ್ನ ಊರು ಲಿಂಗಸೂಗೂರು ತಾಲ್ಲೂಕಿನಲ್ಲಿ, ಮುದಗಲ್ಲಿಗೆ ಹತ್ತಿರ. ಅಲ್ಲಿ ಸಾವಾದ ಮನೆಯಲ್ಲಿ ಹೆಂಗಸರು ಸುಮ್ನೆ ಅಳುವುದಿಲ್ಲ. ಹಾಡ್ಯಾಡಿ ಅಳುತ್ತಾರೆ. ಐರ್ಲೆಂಡಿನ ಒಬ್ಬ ರಾಕ್ ಗಾಯಕಿಯ ದನಿ ನನ್ನನ್ನು ಯಾಕೆ ಹಿಡಿದು ನಿಲ್ಲಿಸಿತು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಆ ಅಳುವಿನಲ್ಲೇ ಇದೆ.

ಡೊಲೋರೆಸ್ ಹುಟ್ಟಿದ್ದು 1971ರ ಸೆಪ್ಟೆಂಬರ್ 6ರಂದು, ಐರ್ಲೆಂಡಿನ ಲಿಮರಿಕ್ ಕೌಂಟಿಯ ಬ್ಯಾಲಿಬ್ರಿಕನ್ ಎಂಬ ಹಳ್ಳಿಯಲ್ಲಿ. ಆಕೆ ಹುಟ್ಟುವ ಮೂರು ವರ್ಷ ಮೊದಲೇ ಅಪ್ಪನಿಗೆ ಬೈಕ್ ಅಪಘಾತವಾಗಿ ಮೆದುಳಿಗೆ ಪೆಟ್ಟಾಗಿತ್ತು. ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಮನುಷ್ಯ ಆಮೇಲೆ ದುಡಿಯಲಾಗಲಿಲ್ಲ. ಶಾಲೆಯೊಂದರ ಅಡುಗೆ ಕೆಲಸ ನೋಡಿಕೊಳ್ಳುತ್ತಿದ್ದ ತಾಯಿಯೇ ಮನೆ ನಡೆಸಿದಳು. ಒಂಬತ್ತು ಹೆರಿಗೆ, ಅದರಲ್ಲಿ ಎರಡು ಕೂಸು ಉಳಿಯಲಿಲ್ಲ. ಉಳಿದ ಏಳರಲ್ಲಿ ಡೊಲೋರೆಸ್ ಕೊನೆಯವಳು. ದೇವದುರ್ಗದಲ್ಲೋ ಮಾನ್ವಿಯಲ್ಲೋ ಇಂಥ ಮನೆ ಹುಡುಕಲು ದೂರ ಹೋಗಬೇಕಾಗಿಲ್ಲ, ಅಲ್ವಾ?

ಆಕೆ ಹಾಡಲು ಕಲಿತದ್ದು ಚರ್ಚಿನಲ್ಲಿ ಮತ್ತು ಶಾಲೆಯಲ್ಲಿ. ಚರ್ಚಿನ ಆರ್ಗನ್ ನುಡಿಸುತ್ತಿದ್ದಳು, ಶಾಲೆಯ ಹಾಡುಗಾರ ಮೇಳದಲ್ಲಿದ್ದಳು, ಪಿಯಾನೋ ಜೊತೆಗೆ ತಗಡಿನ ಕೊಳಲನ್ನೂ ಕಲಿತಳು. ರಾಕ್ ಸಂಗೀತ ಬಂದದ್ದು ಆಮೇಲೆ. ಈ ಸಾಲುಕ್ರಮ ನೆನಪಿರಲಿ. ಆಕೆಯ ಹಾಡುಗಳಲ್ಲಿ ಗಿಟಾರ್ ಎಷ್ಟೇ ಅಬ್ಬರಿಸಲಿ, ಅದರ ಮೇಲೆ ತೇಲುವ ದನಿ ಮಾತ್ರ ಪ್ರಾರ್ಥನೆ ಹಾಡಿ ಬೆಳೆದ ಹುಡುಗಿಯದು.

1990ರಲ್ಲಿ ಲಿಮರಿಕ್ ನಗರದ ಮೂವರು ಹುಡುಗರಿಗೆ ಒಬ್ಬ ಗಾಯಕಿ ಬೇಕಾಗಿತ್ತು. ನೋಯೆಲ್ ಹೋಗನ್ ಗಿಟಾರ್, ಅವನ ತಮ್ಮ ಮೈಕ್ ಬೇಸ್, ಫರ್ಗಲ್ ಲಾಲರ್ ಡ್ರಮ್ಸ್. ಅವರ ಜೊತೆ ಹಾಡುತ್ತಿದ್ದವನು ಬಿಟ್ಟು ಹೋಗಿದ್ದ. ಡೊಲೋರೆಸ್ ಕೀಬೋರ್ಡ್ ಹೊತ್ತುಕೊಂಡು ಬಂದಳು, ಹಾಡಿ ತೋರಿಸಿದಳು. ನೋಯೆಲ್ ಒಂದಿಷ್ಟು ಗಿಟಾರ್ ಪಟ್ಟುಗಳನ್ನು ಕ್ಯಾಸೆಟ್ಟಿಗೆ ತುಂಬಿ ಕೊಟ್ಟ. ಆಕೆ ಅದಕ್ಕೆ ಸಾಲು ಬರೆದು ತಂದಳು. ಹಾಗೆ ಹುಟ್ಟಿದ್ದು ‘ಲಿಂಗರ್’. ಹದಿಹರೆಯದ ಹುಡುಗಿಯೊಬ್ಬಳ ಮೊದಲ ಪ್ರೀತಿ, ಅದರ ಅವಮಾನ, ಅಷ್ಟಾದರೂ ಬಿಡಲಾಗದ ಮನಸ್ಸು. ಮೂವತ್ತು ವರ್ಷ ದಾಟಿದರೂ ಆ ಹಾಡಿಗೆ ವಯಸ್ಸಾಗಿಲ್ಲ.

ಬ್ಯಾಂಡಿನ ಹೆಸರು ದಿ ಕ್ರ್ಯಾನ್‌ಬೆರೀಸ್ ಅಂತ ನಿಂತಿತು. ಮೊದಲ ಆಲ್ಬಂ 1993ರಲ್ಲಿ ಬಂತು. ಮೊದಲು ತಮ್ಮ ಕಡೆ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಅಮೆರಿಕದ ಎಂಟಿವಿ ಅವರ ವಿಡಿಯೋ ಹಾಕತೊಡಗಿದ ಮೇಲೆ ಗಾಳಿ ತಿರುಗಿತು. ಮರುವರ್ಷ ಅದೇ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಜಾಗಕ್ಕೇರಿತು. ಹೊರಗಿನವರು ಮೆಚ್ಚಿದ ಮೇಲೆ ಊರವರು ತಿರುಗಿ ನೋಡುವುದು ನಮ್ಮ ಕಲಾವಿದರ ಪಾಡು ಮಾತ್ರ ಅಲ್ಲ ಅನ್ನಿಸುತ್ತದೆ.

ಈಗ ದನಿಯ ವಿಷಯ.

ಮನುಷ್ಯರ ಕಂಠಕ್ಕೆ ಒಂದು ಸಂದು ಇರುತ್ತದೆ. ಕೆಳಗಿನ ಎದೆಯ ದನಿಯಿಂದ ಮೇಲಿನ ತಲೆಯ ದನಿಗೆ ಹೋಗುವಾಗ ಅಲ್ಲೊಂದು ಬಿರುಕು ಕೇಳಿಸುತ್ತದೆ. ಹೆಚ್ಚಿನ ಗಾಯಕರು ಆ ಬಿರುಕು ಕಾಣದಂತೆ ಹಾಡಲು ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ಡೊಲೋರೆಸ್ ಅದನ್ನು ಮುಚ್ಚಲಿಲ್ಲ. ಬೇಕೆಂದೇ ಅಲ್ಲಿಗೆ ಹೋದಳು, ಬೇಕೆಂದೇ ಒಡೆದಳು. ಮೆಲ್ಲಗೆ, ಕಿವಿಯಲ್ಲಿ ಹೇಳಿದಂತೆ ಶುರುವಾದ ಸಾಲು ಇದ್ದಕ್ಕಿದ್ದಂತೆ ಮುರಿದು ಮೇಲಕ್ಕೆ ಹಾರುತ್ತದೆ. ಹಾರಿದ್ದು ಮತ್ತೆ ಸ್ವರಕ್ಕೆ ಸರಿಯಾಗಿಯೇ ಬಂದು ಕೂಡುತ್ತದೆ. ಕೇಳುವವರಿಗೆ ಆಕೆ ಅಳುತ್ತಿದ್ದಾಳೋ ಹಾಡುತ್ತಿದ್ದಾಳೋ ಅಂತ ಒಂದು ಗಳಿಗೆ ತಿಳಿಯುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ರಾಯಚೂರಿನಲ್ಲಿ ರೂಮು ಮಾಡಿಕೊಂಡಿದ್ದೆ. ಕೇಬಲ್ ಟಿವಿ ಆಗ ಹೊಸದು. ಕಣ್ಣಿನ ಆಪರೇಷನ್ನಿಗೆ ಅಂತ ಬಂದಿದ್ದ ಅವ್ವ ಕಟ್ಟಿದ ಕಣ್ಣಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ರೂಮಿನ ಟಿವಿಯಲ್ಲಿ ‘ಜಾಂಬಿ’ ಬರುತ್ತಿತ್ತು. ಅವ್ವ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಯಾರ ಮನ್ಯಾಗ ಏನಾತಪ್ಪ? ಆಕಿ ಹಂಗ್ಯಾಕ ಅಳಾಕತ್ತಾಳ?” ಅಂದಳು. ಅದು ಹಾಡು, ಟಿವಿಯಾಗ ಬರಾಕತ್ತೈತಿ ಅಂದೆ. “ಹಾಡಂದ್ರ ಹಾಡ ಇರಲಿ. ಆಕಿಗೇನೋ ಆಗೈತಿ” ಅಂದಳು. ಇಂಗ್ಲಿಷಿನ ಒಂದು ಅಕ್ಷರ ತಿಳಿಯದ ಅವ್ವ ಹಾಡಿನ ಒಳಗೆ ಹೋಗಿ ಕೂತಿದ್ದಳು. ನಾನು ಪಡ್ಡೆ ಹುಡುಗ, ಗಿಟಾರ್ ಸದ್ದಿಗೆ ತಲೆ ಆಡಿಸುತ್ತಿದ್ದವನು. ಆ ಹಾಡು ಯಾತಕ್ಕೆ ಹುಟ್ಟಿತು ಅಂತ ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅವ್ವನಿಗೆ ಅದು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆಕೆಯೂ ಹಾಡ್ಯಾಡಿ ಅಳುತ್ತಿದ್ದವಳೇ. ನೋಡದವರಿಗಾಗಿ ಹೇಳುತ್ತೇನೆ. ಹೆಣದ ಸುತ್ತ ಹೆಂಗಸರು ಕೂತಿರುತ್ತಾರೆ. ಒಬ್ಬಳು ಸತ್ತವನನ್ನೇ ಎದುರಿಗಿದ್ದಂತೆ ಕರೆದು ಮಾತಾಡಿಸತೊಡಗುತ್ತಾಳೆ. ಅವನು ಬಿತ್ತಿದ ಹೊಲ, ಸಾಕಿದ ಎತ್ತು, ಬಿಟ್ಟುಹೋದ ಮಕ್ಕಳು, ತೀರಿಸದೆ ಹೋದ ಮಾತು, ಎಲ್ಲ ಸಾಲುಸಾಲಾಗಿ ಬರುತ್ತದೆ. ಸಾಲಿನ ಕೊನೆಗೆ ದನಿ ಎತ್ತರಕ್ಕೆ ಹೋಗಿ ಒಡೆಯುತ್ತದೆ. ಒಬ್ಬಳು ಸುಸ್ತಾದರೆ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಅಳುವಿಗೂ ಒಂದು ಧಾಟಿ ಇದೆ, ಉಸಿರು ಹಿಡಿಯುವ ಜಾಗ ಇದೆ. ಚೆನ್ನಾಗಿ ಹಾಡ್ಯಾಡಿ ಅಳುವವಳಿಗೆ ಊರಿನಲ್ಲಿ ಹೆಸರೂ ಇರುತ್ತದೆ. ಕರೆಯದಿದ್ದರೂ ಬರುತ್ತಾಳೆ, ರಕ್ತಸಂಬಂಧ ಇಲ್ಲದವರಿಗಾಗಿಯೂ ಅಳುತ್ತಾಳೆ.

ಐರ್ಲೆಂಡಿನಲ್ಲೂ ಇದೇ ಪದ್ಧತಿ ಇತ್ತು. ಹೆಣದ ಪಕ್ಕ ಕೂತು ಸತ್ತವರ ಗುಣಗಾನ ಮಾಡುತ್ತ ಹಾಡಿ ಅಳುವ ಹೆಂಗಸರಿದ್ದರು. ಚರ್ಚಿನ ಪಾದ್ರಿಗಳಿಗೆ ಅದು ಸರಿಬರಲಿಲ್ಲ, ಬಿಡಿಸಲು ನೋಡಿದರು. ಇಪ್ಪತ್ತನೇ ಶತಮಾನಕ್ಕೆ ಬರುವಷ್ಟರಲ್ಲಿ ಅದು ಹೆಚ್ಚುಕಡಿಮೆ ನಿಂತೇ ಹೋಯಿತು. ಡೊಲೋರೆಸ್ ಅದನ್ನು ಯಾರ ಹತ್ತಿರವೋ ಕೂತು ಕಲಿತಳು ಅಂತ ನಾನು ಹೇಳುತ್ತಿಲ್ಲ. ಆದರೆ ಆಕೆಯ ದನಿ ಒಡೆಯುವ ಜಾಗದಲ್ಲಿ ನನಗೆ ಆ ಹೆಂಗಸರೇ ಕೇಳಿಸುತ್ತಾರೆ. ಇದು ನನ್ನ ಕಿವಿಯ ಮಾತು. ನನ್ನ ಕಿವಿ ಮುದಗಲ್ಲಿನ ಸುತ್ತಮುತ್ತ ಬೆಳೆದದ್ದು.

ಇನ್ನು ಆ ಹುಡುಗರ ಸಂಗತಿ. 1993ರ ಮಾರ್ಚ್ 20, ಶನಿವಾರ. ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣ. ಮರುದಿನ ಅಲ್ಲಿ ತಾಯಂದಿರ ದಿನ. ಪೇಟೆಯಲ್ಲಿ ಜನವೋ ಜನ. ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಲು ಬಂದೂಕು ಹಿಡಿದಿದ್ದ ಐಆರ್‌ಎ ಎಂಬ ಗುಂಪು ಕಸದ ಡಬ್ಬಿಗಳಲ್ಲಿ ಇಟ್ಟಿದ್ದ ಎರಡು ಬಾಂಬುಗಳು ಒಂದರ ಹಿಂದೆ ಒಂದು ಸಿಡಿದವು. 3 ವರ್ಷದ ಮಗು ಅಲ್ಲೇ ಸತ್ತಿತು. 12 ವರ್ಷದ ಹುಡುಗ ಐದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಇರಬೇಕೋ ಐರ್ಲೆಂಡಿಗೆ ಸೇರಬೇಕೋ ಅನ್ನುವ ಜಗಳ ಆ ಹೊತ್ತಿಗೆ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ರಕ್ತ ಹರಿಸುತ್ತಿತ್ತು. ಈ ಬಾಂಬು ಇಟ್ಟವರು ಇಡೀ ಐರ್ಲೆಂಡಿನ ಹೆಸರಿನಲ್ಲಿ ಇಟ್ಟಿದ್ದರು. ಅಂದರೆ ಡೊಲೋರೆಸ್ ಹೆಸರಿನಲ್ಲೂ.

ಆಕೆಗೆ ಆಗ 21 ವರ್ಷ. ಬ್ಯಾಂಡಿನ ಬೇರೆ ಎಷ್ಟೋ ಹಾಡುಗಳನ್ನು ನೋಯೆಲ್ ಜೊತೆ ಕಟ್ಟುತ್ತಿದ್ದಾಕೆ ಇದನ್ನು ಒಬ್ಬಳೇ ಬರೆದಳು. ಮೊದಲು ಸಾದಾ ಅಕೂಸ್ಟಿಕ್ ಗಿಟಾರಿನಲ್ಲಿ. ಹುಡುಗರ ಎದುರಿಗೆ ತಂದಾಗ ಎಲೆಕ್ಟ್ರಿಕ್ ಗಿಟಾರ್ ಜೋರಾಗಿ, ಒರಟಾಗಿ ಇರಬೇಕು ಅಂತ ಹಟ ಹಿಡಿದಳು. ಅಲ್ಲಿಯವರೆಗೆ ಮೃದುವಾದ ಹಾಡುಗಳಿಗೆ ಹೆಸರಾಗಿದ್ದ ಬ್ಯಾಂಡ್ ಅದು. ನನಗೆ ಆ ಗಿಟಾರಿನಲ್ಲಿ ನಮ್ಮ ಹಲಗಿ ಕೇಳಿಸುತ್ತದೆ. ಹೆಣ ಎತ್ತುವಾಗ ಹಲಗಿ ಬಡಿತ ಎಷ್ಟು ಬಿರುಸಾಗಿರುತ್ತದೆ ಅಂದರೆ ಹೆಂಗಸರ ಅಳು ಅದನ್ನು ಮೀರಿ ಹೋಗಬೇಕಾಗುತ್ತದೆ. ಡೊಲೋರೆಸ್ ದನಿಯೂ ಗಿಟಾರನ್ನು ಹಾಗೇ ಮೀರುತ್ತದೆ.

ಹಾಡು ಹೊರಬಂದದ್ದು 1994ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಕೆಲವೇ ವಾರ ಮೊದಲು, ಆಗಸ್ಟ್ 31ರಂದು, ಐಆರ್‌ಎ ಕದನವಿರಾಮ ಘೋಷಿಸಿತ್ತು. ಸ್ಯಾಮ್ಯುಯೆಲ್ ಬೇಯರ್ ಮಾಡಿದ ವಿಡಿಯೋದಲ್ಲಿ ಬೆಲ್‌ಫಾಸ್ಟಿನ ಬೀದಿಯ ನಿಜವಾದ ಸೈನಿಕರಿದ್ದಾರೆ, ಅಲ್ಲಿನ ಮಕ್ಕಳಿದ್ದಾರೆ. ಡೊಲೋರೆಸ್ ಮೈಗೆಲ್ಲ ಬಂಗಾರದ ಬಣ್ಣ ಬಳಿದುಕೊಂಡು ಶಿಲುಬೆಯ ಮುಂದೆ ನಿಂತಿದ್ದಾಳೆ. ನಮ್ಮ ಕಡೆ ಹಲವರು ನೋಡಿದ್ದು ಆ ಬಂಗಾರದ ಮೈಯನ್ನು. ಹಿಂದಿನ ಬಂದೂಕುಗಳ ಕಡೆ ಗಮನ ಹೋದದ್ದು ಕಡಿಮೆ.

ಹಾಡಿಗೆ ಬೈದವರೂ ಇದ್ದರು. ಆಕೆ ದಕ್ಷಿಣದ ಹಳ್ಳಿಯವಳು, ಬ್ರಿಟನ್ ಆಳುವ ಉತ್ತರದಲ್ಲಿ ಕ್ಯಾಥೊಲಿಕ್ಕರು ಪಟ್ಟ ಪಾಡು ಆಕೆಗೇನು ಗೊತ್ತು ಅಂದರು. ಒಂದೇ ಕಡೆಯವರ ತಪ್ಪನ್ನು ಎತ್ತಿ ಹಾಡಿದ್ದಾಳೆ ಅಂದರು. ಈ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1972ರಲ್ಲಿ ಡೆರ್ರಿ ಊರಿನ ಬೀದಿಯಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಜನರಿಗೆ ಗುಂಡು ಹೊಡೆದು ಅದೇ ದಿನ 13 ಮಂದಿಯನ್ನು ಕೊಂದಿದ್ದರು. ಅಂಥ ಊರಿನವರಿಗೆ ಈ ಹಾಡು ಅರ್ಧ ಮಾತ್ರ ಹೇಳಿದೆ ಅನ್ನಿಸಿದ್ದರೆ ಅದು ಸಹಜ. ಆದರೂ ನಾನು ಹಾಡಿನ ಕಡೆಯೇ ನಿಲ್ಲುತ್ತೇನೆ. ಹಾಡ್ಯಾಡಿ ಅಳುವವಳ ಕಣ್ಣು ಮುಂದಿರುವ ಹೆಣದ ಮೇಲೆ ಇರುತ್ತದೆ. ಯಾವ ಪಾಳಯದಲ್ಲಿ ಎಷ್ಟು ಜನ ಸತ್ತರು ಅಂತ ಆಕೆ ಕೂಡಿಸಿ ಕಳೆದು ಆಮೇಲೆ ಅಳುವುದಿಲ್ಲ. ಕೊಂದವರು ತನ್ನ ಕಡೆಯವರೇ ಆಗಿರುವಾಗ ಕೊಲೆಯಾದ ಮಕ್ಕಳಿಗಾಗಿ ಅತ್ತಳಲ್ಲ, ಅದು ಸಣ್ಣ ಧೈರ್ಯವಲ್ಲ.

ಮುದಗಲ್ಲಿನ ಮೊಹರಂ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕರ್ಬಲಾದ ಯುದ್ಧ ನಡೆದದ್ದು ಕ್ರಿ.ಶ. 680ರಲ್ಲಿ, ಇರಾಕಿನ ಮರುಭೂಮಿಯಲ್ಲಿ. ಆದರೆ ಮೊಹರಂನಲ್ಲಿ ಹಾಡುವ ನಮ್ಮ ರಿವಾಯತ್ ಪದಗಳಲ್ಲಿ ಪ್ರವಾದಿಯ ಮೊಮ್ಮಗ ಹುಸೇನರ ಬಾಯಾರಿದ ಕೂಸಿಗೆ ಬಾಣ ಬಿದ್ದದ್ದನ್ನು ಹಾಡುವಾಗ ಅದು ನಿನ್ನೆ ನಮ್ಮ ಓಣಿಯಲ್ಲಿ ಆದಂತೆ ಇರುತ್ತದೆ. ಹಾಡುವವರಲ್ಲಿ ಕುರುಬರಿರುತ್ತಾರೆ, ನಾಯಕರಿರುತ್ತಾರೆ, ಲಿಂಗಾಯತರಿರುತ್ತಾರೆ. ಸತ್ತ ಕೂಸು ಯಾವ ಧರ್ಮದ್ದು ಅಂತ ಯಾರೂ ಕೇಳುವುದಿಲ್ಲ. ಮೊಹರಂನ ಬೆಂಕಿ ಗುಂಡಿ, ಅಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಗಂಡಸರ ಕಣ್ಣಲ್ಲಿ ನಾನು ನೀರು ನೋಡಿದ್ದೇನೆ. ದೂರದ ಕೂಸಿಗಾಗಿ ಹಾಡುತ್ತ ಅಳುವುದು ನಮ್ಮ ಸೀಮೆಗೆ ಹೊಸದಲ್ಲ.

‘ಜಾಂಬಿ’ಯಲ್ಲಿ ನಾನು ಬೆರಗಾಗುವ ಇನ್ನೊಂದು ಸಂಗತಿ ಆಕೆಯ ಬಾಯಿ. ಆ ಕಾಲದಲ್ಲಿ ಇಂಗ್ಲಿಷ್ ರಾಕ್ ಹಾಡುವವರು ಯಾವ ದೇಶದವರಾದರೂ ಮೈಕ್ ಮುಂದೆ ಅಮೆರಿಕದವರಂತೆ ಉಚ್ಚರಿಸುವುದು ವಾಡಿಕೆಯಾಗಿತ್ತು. ಡೊಲೋರೆಸ್ ಲಿಮರಿಕ್ ಹಳ್ಳಿಯ ಎಳೆತವನ್ನು ಹಾಗೇ ಉಳಿಸಿಕೊಂಡಳು. ನಮ್ಮ ಕಾಲೇಜುಗಳ ಕಾರ್ಯಕ್ರಮ ನೋಡಿ. ವೇದಿಕೆ ಕೆಳಗೆ “ಯಾಕಲೇ, ಎಲ್ಲಿಗಿ ಹೊಂಟಿ” ಅನ್ನುವ ಹುಡುಗ ಮೈಕ್ ಹಿಡಿದ ತಕ್ಷಣ ಬೆಂಗಳೂರಿನ ಎಫ್‌ಎಂ ಆಗುತ್ತಾನೆ. ತಾನೇ ಬರೆದ ಹಾಡನ್ನೂ ಬೇರೆ ಊರಿನ ಬಾಯಲ್ಲಿ ಹಾಡುತ್ತಾನೆ. ಅವನನ್ನು ಬೈದು ಉಪಯೋಗವಿಲ್ಲ. ನಮ್ಮ ಮಾತು ಸಿನಿಮಾದಲ್ಲಿ ನಗಿಸುವುದಕ್ಕೆ ಮಾತ್ರ ಬಳಕೆಯಾದದ್ದನ್ನು ನೋಡಿಯೇ ಅವನು ಬೆಳೆದಿದ್ದಾನೆ. ಅಂಥ ಹುಡುಗರಿಗೆ ನಾನು ಡೊಲೋರೆಸ್ ಹಾಡು ಕೇಳಿಸುತ್ತೇನೆ. ಅರ್ಥ ಆಮೇಲೆ, ಮೊದಲು ಉಚ್ಚಾರ ಕೇಳು ಅನ್ನುತ್ತೇನೆ.

ಎರಡನೇ ಆಲ್ಬಂ ಆಕೆಯನ್ನು ಜಗತ್ತಿನ ತುಂಬ ಕರೆದೊಯ್ಯಿತು. 1995ರಲ್ಲಿ ‘ಜಾಂಬಿ’ಗೆ ಯುರೋಪಿನ ಎಂಟಿವಿ ಪ್ರಶಸ್ತಿ ಬಂತು. ಅದೇ ವರ್ಷ ಇಟಲಿಯ ಮೊಡೆನಾದಲ್ಲಿ ಒಪೆರಾದ ದೊಡ್ಡ ಗಾಯಕ ಪಾವರೊಟ್ಟಿ ಜೊತೆ ನಿಂತು ಮೇರಿ ಮಾತೆಯ ಪ್ರಾರ್ಥನೆ ‘ಆವೆ ಮರಿಯಾ’ ಹಾಡಿದಳು. ಆ ರೆಕಾರ್ಡಿಂಗ್ ಕೇಳಿದರೆ ಹಳ್ಳಿ ಚರ್ಚಿನ ಹುಡುಗಿ ಎಲ್ಲೂ ಹೋಗಿಲ್ಲ ಅಂತ ಗೊತ್ತಾಗುತ್ತದೆ. ಆಲ್ಬಂಗಳು ಕೋಟಿಗಟ್ಟಲೆ ಮಾರಾಟವಾದವು.

ಆದರೆ ದೇಹ ತಡೆಯಲಿಲ್ಲ. ಊರಿಂದೂರಿಗೆ ತಿರುಗಾಟ, ಊಟ ಸೇರದ ಕಾಯಿಲೆ, ನಿದ್ದೆಯಿಲ್ಲದ ರಾತ್ರಿಗಳು. 1996ರ ಪ್ರವಾಸವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮದುವೆಯಾಗಿತ್ತು, ಮುಂದೆ ಮೂವರು ಮಕ್ಕಳಾದರು. 1999ರ ಆಲ್ಬಮ್ಮಿನಲ್ಲಿ ತಾಯ್ತನದ ಹಾಡು ಇದೆ. ಅದೇ ಆಲ್ಬಮ್ಮಿನಲ್ಲಿ ‘ಫೀ ಫೈ ಫೋ’ ಎಂಬ ಇನ್ನೊಂದು ಹಾಡಿದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುವವರ ಮೇಲೆ ಉರಿದು ಬೀಳುವ ಹಾಡು. 2013ರಲ್ಲಿ ಆಕೆ ಬಾಯಿಬಿಟ್ಟು ಹೇಳಿದಳು: ಎಂಟನೇ ವಯಸ್ಸಿನಿಂದ ನಾಲ್ಕು ವರ್ಷ ತನ್ನ ಮೇಲೂ ಅಂಥದ್ದು ನಡೆದಿತ್ತು. 2011ರಲ್ಲಿ ಅಪ್ಪ ತೀರಿಕೊಂಡಾಗ ಅದೇ ಮನುಷ್ಯ ಮಣ್ಣಿಗೆ ಬಂದು ಆಕೆಯ ಮುಂದೆ ನಿಂತನಂತೆ. ಅಪ್ಪನಿಗಾಗಿ ಅಳಬೇಕಾದ ಜಾಗದಲ್ಲೂ ಆಕೆಯನ್ನು ಸುಮ್ಮನೆ ಅಳಲು ಬಿಡಲಿಲ್ಲ. ಈ ಒಂದು ಸಂಗತಿ ನೆನೆದಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

2003ರಲ್ಲಿ ಬ್ಯಾಂಡ್ ವಿರಾಮ ತೆಗೆದುಕೊಂಡಿತು. ಆಕೆ ಒಬ್ಬಳೇ ಎರಡು ಆಲ್ಬಂ ಮಾಡಿದಳು, 2007ರಲ್ಲೊಂದು, 2009ರಲ್ಲೊಂದು. ಆಮೇಲೆ ಗೆಳೆಯರು ಮತ್ತೆ ಸೇರಿದರು. ಐರ್ಲೆಂಡಿನ ಟಿವಿ ಹಾಡಿನ ಸ್ಪರ್ಧೆಯಲ್ಲಿ ತೀರ್ಪುಗಾರಳಾಗಿ ಕೂತಳು. ದಾಂಪತ್ಯ ಮುರಿಯಿತು. ವಿಮಾನದಲ್ಲಿ ಗಲಾಟೆಯಾಗಿ ಕೋರ್ಟಿಗೂ ಹೋಗಬೇಕಾಯಿತು. ಆ ಹೊತ್ತಿಗೆ ಆಕೆಗೆ ಬೈಪೋಲಾರ್ ಕಾಯಿಲೆ ಇರುವುದು ಗೊತ್ತಾಗಿತ್ತು. ಖುಷಿ ಮಿತಿಮೀರುವ ದಿನಗಳು, ಪೂರಾ ಕುಸಿದುಹೋಗುವ ದಿನಗಳು, ಎರಡನ್ನೂ ಆಕೆ ಮುಚ್ಚಿಡದೆ ಮಾತಾಡಿದಳು. ನಮ್ಮಲ್ಲಿ ಈಗಲೂ ಇಂಥದ್ದಕ್ಕೆ ದೆವ್ವ ಬಡಿದಿದೆ ಅಂತ ತಾಯತ ಕಟ್ಟಿಸುವವರಿದ್ದಾರೆ. ದಯವಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

2018ರ ಜನವರಿ 15. ರೆಕಾರ್ಡಿಂಗಿಗೆಂದು ಲಂಡನ್ನಿಗೆ ಬಂದಿದ್ದ ಡೊಲೋರೆಸ್ ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದಳು. 46 ವರ್ಷ. ಕುಡಿದ ಅಮಲಿನಲ್ಲಿ ಆಕಸ್ಮಿಕವಾಗಿ ಮುಳುಗಿ ಸಾವಾಗಿದೆ ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ಬ್ಯಾಲಿಬ್ರಿಕನ್ನಿನ ಚರ್ಚಿನಲ್ಲಿ ಪ್ರಾರ್ಥನೆ ಮಾಡಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು.

ಆ ವಾರ ಒಂದು ಸುದ್ದಿ ಬಂತು. ವಾರಿಂಗ್ಟನ್ನಿನಲ್ಲಿ ಸತ್ತ 12 ವರ್ಷದ ಹುಡುಗನ ತಂದೆಗೆ ‘ಜಾಂಬಿ’ ತನ್ನ ಮಗನ ಸಾವಿನಿಂದ ಹುಟ್ಟಿದ ಹಾಡು ಅಂತ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲವಂತೆ! ಡೊಲೋರೆಸ್ ಸತ್ತ ಸುದ್ದಿಯ ಜೊತೆಗೆ ಅದು ಗೊತ್ತಾಯಿತು. ಹಾಡಿನ ಸಾಲುಗಳನ್ನು ಆಗ ಗಮನವಿಟ್ಟು ಕೇಳಿ ಮನಸಾರೆ ಮೆಚ್ಚಿ ಮಾತಾಡಿದರು. ಇದನ್ನು ಓದಿದ ದಿನ ನಾನು ಬೇರೆ ಕೆಲಸ ಮಾಡಲಾಗಲಿಲ್ಲ. 1994ರಿಂದ ಜಗತ್ತೆಲ್ಲ ಕೂಗಿ ಹಾಡಿದ ಹಾಡು. ಯಾರ ಮನೆಯ ಸಾವಿಗೆ ಅದು ಹುಟ್ಟಿತೋ ಆ ಮನೆಗೆ ಸುದ್ದಿ ತಲುಪಲು ಸುಮಾರು 24 ವರ್ಷ ಹಿಡಿಯಿತು. ಡೊಲೋರೆಸ್ ಆ ಮನೆಯ ಹೆಸರು ಹೇಳಿ ಹಾಡಲಿಲ್ಲ, ಅವರ ದುಃಖದ ಮೇಲೆ ತನ್ನ ಹೆಸರು ಬೆಳೆಸಿಕೊಳ್ಳಲಿಲ್ಲ. ಹಾಡ್ಯಾಡಿ ಅತ್ತು ಎದ್ದು ಮನೆಗೆ ಹೋಗುವ ನಮ್ಮೂರ ಹೆಂಗಸರೂ ಹೀಗೇ. ಯಾರೂ ಅವರಿಗೆ ಧನ್ಯವಾದ ಹೇಳುವುದಿಲ್ಲ, ಅವರೂ ಕಾಯುವುದಿಲ್ಲ.

ಸಾಯುವ ಮೊದಲು ಆಕೆ ನೋಯೆಲ್ ಜೊತೆ ಹೊಸ ಹಾಡುಗಳನ್ನು ಕಟ್ಟುತ್ತಿದ್ದಳು. ಕರಡಿನಂತೆ ಹಾಡಿಟ್ಟ ದನಿ ಮಾತ್ರ ಉಳಿದಿತ್ತು. ಮನೆಯವರ ಒಪ್ಪಿಗೆ ಪಡೆದು ಮೂವರು ಗೆಳೆಯರು ಆ ದನಿಯ ಸುತ್ತ ವಾದ್ಯ ನುಡಿಸಿದರು. ಮೊದಲ ಆಲ್ಬಂ ರೂಪಿಸಿದ್ದ ಸ್ಟೀಫನ್ ಸ್ಟ್ರೀಟ್ ಕೊನೆಯದನ್ನೂ ರೂಪಿಸಿದರು. ‘ಇನ್ ದಿ ಎಂಡ್’ 2019ರ ಏಪ್ರಿಲ್‌ನಲ್ಲಿ ಬಂತು, 11 ಹಾಡು. ಅದರೊಂದಿಗೆ ಬ್ಯಾಂಡನ್ನೂ ಮುಗಿಸಿದರು. ಬೇರೆ ಗಾಯಕಿಯನ್ನು ತರಲಿಲ್ಲ. ಇದು ನನಗೆ ಬಹಳ ಸರಿ ಅನ್ನಿಸಿತು. ಈ ಆಲ್ಬಮ್ಮಿನಲ್ಲಿ ದನಿ ಕೆಲವು ಕಡೆ ದಣಿದಿದೆ. ಒಡೆಯುವ ಜಾಗದಲ್ಲಿ ಮೊದಲಿನ ಎತ್ತರ ಇಲ್ಲ. ನನಗೆ ಅದು ಕೊರತೆಯಾಗಿ ಕೇಳುವುದಿಲ್ಲ. ವಯಸ್ಸಾದ ಹೆಂಗಸರ ಅಳು ಹುಡುಗಿಯರ ಅಳುವಿಗಿಂತ ತಗ್ಗಿನಲ್ಲಿರುತ್ತದೆ, ಆದರೆ ಹೆಚ್ಚು ಹೊತ್ತು ಕಿವಿಯಲ್ಲಿರುತ್ತದೆ.

2020ರಲ್ಲಿ ‘ಜಾಂಬಿ’ ಯೂಟ್ಯೂಬಿನಲ್ಲಿ 100 ಕೋಟಿ ವೀಕ್ಷಣೆ ದಾಟಿತು. ಐರ್ಲೆಂಡಿನ ಬ್ಯಾಂಡೊಂದು ಅಷ್ಟು ದೂರ ಹೋದದ್ದು ಅದೇ ಮೊದಲು. ಆ ಹಾಡಿನಲ್ಲೇ ನಿಂತುಬಿಡಬೇಡಿ ಅಂತ ನನ್ನ ಬಿನ್ನಹ. ಅಪ್ಪ ಅವ್ವನನ್ನು ನೆನೆಯುವ ‘ಓಡ್ ಟು ಮೈ ಫ್ಯಾಮಿಲಿ’ ಕೇಳಿ. ‘ಲಿಂಗರ್’ ಕೇಳಿ. ಹೆಡ್‌ಫೋನ್ ಹಾಕಿಕೊಂಡು, ಬೇರೆ ಕೆಲಸ ಇಲ್ಲದ ಹೊತ್ತಿನಲ್ಲಿ ಕೇಳಿ.

ನನ್ನ ತಂಗಿಯ ಮಗಳು ಸಿಂಧನೂರಿನಲ್ಲಿ ಡಿಗ್ರಿ ಓದುತ್ತಾಳೆ. ಕಳೆದ ವರ್ಷ ಈ ಹಾಡುಗಳನ್ನು ಕೇಳಿಸಿದ ಮೇಲೆ ತಾನೇ ಒಂದು ಹಾಡು ಬರೆದಿದ್ದಾಳೆ. ಭತ್ತದ ಗದ್ದೆಯಲ್ಲಿ ಔಷಧ ಹೊಡೆಯುವಾಗ ಸತ್ತ ಪಕ್ಕದ ಮನೆಯ ಹುಡುಗನ ಮೇಲೆ. ಪೂರಾ ನಮ್ಮ ಮಾತಿನಲ್ಲಿದೆ, ಅಳುವ ಧಾಟಿಯನ್ನು ಅವರ ಅಜ್ಜಿಯಿಂದಲೇ ಎತ್ತಿಕೊಂಡಿದ್ದಾಳೆ. ಮುಂದಿನ ತಿಂಗಳು ಕಾಲೇಜಿನಲ್ಲಿ ಹಾಡಬೇಕು. ಮೊನ್ನೆ ಫೋನ್ ಮಾಡಿ, “ಮಾಮಾ, ಬರೇ ಹಾರ್ಮೋನಿಯಂ ಸಾಲಂಗಿಲ್ಲ ಇದಕ, ಜೋರ್ ಗಿಟಾರ್ ಬೇಕ” ಅಂದಳು. ಮಾನ್ವಿಯ ಆರ್ಕೆಸ್ಟ್ರಾ ಹುಡುಗರ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ ಅಂತ ಕೇಳಿದ್ದೇನೆ. ಈ ಭಾನುವಾರ ಹೋಗಿ ಕೇಳಿಕೊಂಡು ಬರಬೇಕು.